ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ

ಬೆಂಗಳೂರಿನ ಕಬ್ಬನ್‌ಪೇಟೆಯ ಓಣಿಗಳಲ್ಲಿ ಪವರ್‌ಲೂಮುಗಳು ಹಗಲಿರುಳು ಓಡುತ್ತಿದ್ದ ಕಾಲದಲ್ಲಿ ನಮ್ಮ ದೊಡ್ಡಪ್ಪ ಅಲ್ಲಿನ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಷ್ಮೆ ಸೀರೆ ನೇಯ್ದರು. ಈಗ ಅವರಿಗೆ ಎಪ್ಪತ್ತು ದಾಟಿದೆ. ಮೆಲ್ಲಗೆ ಮಾತಾಡಿಸಿದರೆ ‘ಏನು?’ ಎನ್ನುತ್ತಾರೆ, ಅದನ್ನೇ ದನಿ ಏರಿಸಿ ಹೇಳಿದರೆ ‘ಯಾಕೆ ಹಾಗೆ ಅರಚುತ್ತೀಯ?’ ಎಂದು ಮುಖ ಗಂಟಿಕ್ಕುತ್ತಾರೆ. ಅಡುಗೆಮನೆಯಲ್ಲಿ ಲೋಟ ಬಿದ್ದರೆ ತಟ್ಟನೆ ತಿರುಗಿ ನೋಡುವ ಅವರಿಗೆ ಪಕ್ಕದಲ್ಲೇ ನಿಂತು ಕೇಳಿದ ಪ್ರಶ್ನೆ ತಲುಪಿರುವುದಿಲ್ಲವಾದ್ದರಿಂದ, ‘ಬೇಕಾದ್ದಷ್ಟೇ ಕೇಳಿಸುತ್ತದೆ’ ಎಂಬ ಆರೋಪ ಮನೆಯಲ್ಲಿ ಬಹಳ ದಿನ ನಿಂತಿತ್ತು. ಅದಕ್ಕೆ ಅವರದು ಒಂದೇ ಉತ್ತರ: ‘ಕೇಳಿಸುತ್ತೆ ಕಣಪ್ಪ, ಮಾತು ತಿಳಿಯಲ್ಲ.’

ಇದನ್ನು ವಯಸ್ಸಾದವರ ಹಟವೆಂದು ನಾನೂ ತಿಳಿದಿದ್ದೆ. ಒಳಗಿವಿಯ ಕುರಿತು ನಡೆದಿರುವ ಸಂಶೋಧನೆಯನ್ನು ಓದುತ್ತ ಹೋದಂತೆ, ತಮ್ಮ ಕಿವಿಯೊಳಗೆ ಆಗಿರುವುದನ್ನು ದೊಡ್ಡಪ್ಪ ನಾಲ್ಕೇ ಪದಗಳಲ್ಲಿ ಸರಿಯಾಗಿ ಹೇಳಿದ್ದರೆಂಬುದು ಅರಿವಾಯಿತು. ಮೆಲುದನಿ ಕೇಳಿಸದಿರುವುದು, ಜೋರುದನಿ ಸಹಿಸಲಾಗದಿರುವುದು, ಸದ್ದು ಕೇಳಿಸಿಯೂ ಮಾತು ಬಿಡಿಸಿಕೊಳ್ಳದಿರುವುದು, ಈ ಮೂರೂ ಒಂದೇ ಹಾನಿಯ ಮೂರು ಮುಖಗಳು. ಅದು ಹೇಗೆಂದು ತಿಳಿಯಲು ಸದ್ದು ಕಿವಿಯೊಳಗೆ ಸಾಗುವ ದಾರಿಯನ್ನು ಒಮ್ಮೆ ನೋಡಬೇಕು.

ಹೊರಗಿವಿಯಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳದಲ್ಲಿ ಸಾಗಿದ ಸದ್ದು ಕಿವಿಯ ತಮಟೆಯನ್ನು ಅಲುಗಿಸುತ್ತದೆ. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳಿವೆ. ಇವುಗಳಲ್ಲಿ ಕೊನೆಯದಾದ ರಿಕಾಪಿನ ಎತ್ತರ ಮೂರು ಮಿಲಿಮೀಟರ್‌ನ ಆಸುಪಾಸಿನಲ್ಲಿದ್ದು, ದೇಹದ ಮೂಳೆಗಳಲ್ಲೆಲ್ಲ ಅದೇ ಚಿಕ್ಕದು. ಒಳಗಿವಿಯಲ್ಲಿ ತುಂಬಿರುವುದು ದ್ರವವಾದ್ದರಿಂದ ಈ ಮೂಳೆಗಳು ಬೇಕಾಗುತ್ತವೆ. ಗಾಳಿಯಲ್ಲಿ ಬಂದ ಸದ್ದು ನೇರವಾಗಿ ದ್ರವದ ಮೇಲೆ ಬಿದ್ದರೆ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಷ್ಟೇ ಒಳಹೊಕ್ಕು ಉಳಿದದ್ದೆಲ್ಲ ಪುಟಿದು ಹಿಂದಕ್ಕೆ ಹೋಗುತ್ತದೆ. ಕೆರೆಯಲ್ಲಿ ಮುಳುಗು ಹಾಕಿದವನಿಗೆ ದಡದ ಮೇಲಿನವರ ಕೂಗು ಕೇಳಿಸದಿರುವುದು ಇದರಿಂದಲೇ. ತಮಟೆಯ ಅಗಲದ ಮೇಲೆ ಬಿದ್ದ ಒತ್ತಡವನ್ನೆಲ್ಲ ರಿಕಾಪಿನ ಪುಟ್ಟ ಪಾದದ ಮೇಲೆ ಕೇಂದ್ರೀಕರಿಸುವ ಮೂಲಕ ಈ ಮೂಳೆಗಳು ಅದನ್ನು ಇಪ್ಪತ್ತು ಪಟ್ಟಿಗೂ ಮೀರಿ ಹೆಚ್ಚಿಸುತ್ತವೆ. ಗುಗ್ಗೆ ಕಟ್ಟಿಕೊಳ್ಳುವುದು, ತಮಟೆ ತೂತಾಗುವುದು, ಕಿವಿ ಸೋರುವುದು, ರಿಕಾಪು ಬಿಗಿದುಕೊಳ್ಳುವುದು ಮೊದಲಾದ ತೊಂದರೆಗಳೆಲ್ಲ ಈ ಭಾಗಕ್ಕೆ ಸೇರಿದವು. ಇವುಗಳಲ್ಲಿ ಹೆಚ್ಚಿನವನ್ನು ಇಎನ್‌ಟಿ ವೈದ್ಯರು ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಸರಿಪಡಿಸಬಲ್ಲರು. ಬಿಸಿ ಮಾಡಿದ ಕೊಬ್ಬರಿ ಎಣ್ಣೆಯನ್ನು ಕಿವಿಗೆ ಬಿಡುವ ನಮ್ಮ ಮನೆಗಳ ಅಭ್ಯಾಸ ಗುಗ್ಗೆಯನ್ನು ಒಂದಿಷ್ಟು ಮೆತ್ತಗಾಗಿಸಬಹುದೇ ಹೊರತು ಉಳಿದ ಯಾವುದನ್ನೂ ಗುಣಪಡಿಸುವುದಿಲ್ಲ. ತೂತಾದ ತಮಟೆಯಿರುವ ಕಿವಿಯಲ್ಲಂತೂ ಅದರಿಂದ ಕೇಡೇ ಹೆಚ್ಚು.

ದೊಡ್ಡಪ್ಪನ ತೊಂದರೆಯಿರುವುದು ಅದರಾಚೆ, ವೈದ್ಯರು ಕಾಕ್ಲಿಯಾ ಎಂದು ಕರೆಯುವ ಕರ್ಣಶಂಖದಲ್ಲಿ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಇದನ್ನು ಬಿಡಿಸಿ ನೀಳವಾಗಿಟ್ಟರೆ ಸುಮಾರು 35 ಮಿಲಿಮೀಟರ್ ಉದ್ದವಾಗುತ್ತದೆ. ಅದರ ಉದ್ದಕ್ಕೂ ಹಾಸಿರುವ ತೆಳುಪೊರೆಯಲ್ಲಿ ಬಾಗಿಲ ಬಳಿಯ ಭಾಗ ಕೀಚಲು ಸ್ವರಗಳಿಗೆ ಕಂಪಿಸಿದರೆ ತುದಿಯ ಭಾಗ ಮಂದ್ರ ಸ್ವರಗಳಿಗೆ ಕಂಪಿಸುತ್ತದೆ. ಹೀಗೆ ಸದ್ದಿನೊಳಗಿನ ಸ್ವರಗಳು ತಂತಮ್ಮ ಜಾಗದಲ್ಲಿ ಬೇರೆಬೇರೆಯಾಗಿ ಹರಡಿಕೊಳ್ಳುತ್ತವೆ. ಪೊರೆಯ ಮೇಲೆ ಸಾಲಾಗಿ ನಿಂತಿರುವ ರೋಮಕೋಶಗಳು ಈ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ಒಂದು ಕಿವಿಯಲ್ಲಿ ಒಳಸಾಲಿನ ರೋಮಕೋಶಗಳು ಸುಮಾರು 3,500, ಹೊರಸಾಲುಗಳವು ಸುಮಾರು 12,000. ಕಣ್ಣಿನ ಅಕ್ಷಿಪಟದಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಹತ್ತು ಕೋಟಿಯನ್ನೂ ಮೀರುತ್ತವೆ. ಕೇಳಿಕೆಯೆಂಬ ಇಡೀ ಲೋಕ ನಿಂತಿರುವುದು ಹದಿನೈದು ಸಾವಿರ ಕೋಶಗಳ ಮೇಲೆ. ಮಗು ಹುಟ್ಟುವ ಮೊದಲೇ ಅವು ರೂಪುಗೊಂಡು ಮುಗಿದಿರುತ್ತವೆ, ಸತ್ತದ್ದರ ಜಾಗಕ್ಕೆ ಹೊಸದು ಬರುವುದಿಲ್ಲ.

ಎರಡು ಬಗೆಯ ರೋಮಕೋಶಗಳು ಏಕೆಂಬ ಪ್ರಶ್ನೆಗೆ ಉತ್ತರ ಸಿಕ್ಕ ಬಗೆ ನನಗೆ ಈ ವಿಷಯದಲ್ಲೇ ಅತ್ಯಂತ ಇಷ್ಟವಾದ ಭಾಗ. ಹಂಗೆರಿಯ ಗೆಯೋರ್ಗ್ ಫಾನ್ ಬೇಕೆಶಿ ಮೃತರ ಕಿವಿಗಳನ್ನು ಬಿಡಿಸಿ, ಸೂಕ್ಷ್ಮದರ್ಶಕದಡಿಯಲ್ಲಿ ಕರ್ಣಶಂಖದೊಳಗೆ ಅಲೆ ಸಾಗುವುದನ್ನು ಕಣ್ಣಾರೆ ಕಂಡರು. ಆ ಕೆಲಸಕ್ಕೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ಅವರು ಕಂಡ ಅಲೆ ಮೊಂಡಾಗಿತ್ತು. ಒಂದು ಸ್ವರಕ್ಕೆ ಪೊರೆಯ ಅಗಲವಾದ ಭಾಗವೇ ಅಲುಗುತ್ತಿತ್ತು. ತಂಬೂರಿಯ ತಂತಿ ಕೂದಲೆಳೆಯಷ್ಟು ತಗ್ಗಿದ್ದನ್ನೂ ಗುರುತಿಸಿ ಶ್ರುತಿ ಸೇರಿಸುವ ಕಿವಿಗೆ ಅಷ್ಟು ಮೊಂಡಾದ ಉಪಕರಣ ಸಾಲುವಂತಿರಲಿಲ್ಲ. 1948ರಲ್ಲೇ ಇಂಗ್ಲೆಂಡಿನಲ್ಲಿ ಥಾಮಸ್ ಗೋಲ್ಡ್ ಎಂಬ ಯುವ ವಿಜ್ಞಾನಿ, ಮುಂದೆ ಖಗೋಳ ವಿಜ್ಞಾನದಲ್ಲಿ ಹೆಸರು ಮಾಡಿದವರು, ಇದಕ್ಕೊಂದು ಉತ್ತರ ಸೂಚಿಸಿದ್ದರು. ದ್ರವದೊಳಗಿನ ಘರ್ಷಣೆ ಕಂಪನವನ್ನು ನುಂಗಿಹಾಕುವುದರಿಂದ ಜೀವಂತ ಕಿವಿ ತನ್ನದೇ ಶಕ್ತಿ ಸುರಿದು ಕಂಪನವನ್ನು ಹೆಚ್ಚಿಸುತ್ತಿರಬೇಕು, ಹಾಗಿದ್ದಲ್ಲಿ ಕೆಲವೊಮ್ಮೆ ಕಿವಿಯಿಂದಲೇ ಸದ್ದು ಹೊರಬರಬೇಕು ಎಂಬುದು ಅವರ ವಾದ. ಅದನ್ನು ಮೂವತ್ತು ವರ್ಷ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿನಾಳದಲ್ಲಿ ಸೂಕ್ಷ್ಮ ಮೈಕ್ ಇಟ್ಟು, ಒಳಗೆ ಕಳಿಸಿದ ಸಣ್ಣ ಟಿಕ್ ಸದ್ದಿಗೆ ಕೆಲವು ಮಿಲಿಸೆಕೆಂಡುಗಳ ಬಳಿಕ ಕಿವಿಯೇ ಪ್ರತಿಸದ್ದು ಹೊರಡಿಸುವುದನ್ನು ದಾಖಲಿಸಿದರು. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಸಂಗಡಿಗರು ಹೊರಸಾಲಿನ ರೋಮಕೋಶವೊಂದನ್ನು ಪ್ರತ್ಯೇಕಿಸಿ ಅದಕ್ಕೆ ವಿದ್ಯುತ್ ಹಾಯಿಸಿದಾಗ ಕೋಶ ಕುಗ್ಗಿ ಹಿಗ್ಗುವುದು ಕಾಣಿಸಿತು. 2000ದಲ್ಲಿ ಪೀಟರ್ ಡಾಲೋಸ್ ಅವರ ತಂಡ ಈ ಕುಣಿತಕ್ಕೆ ಕಾರಣವಾದ ಪ್ರೋಟೀನನ್ನು ಗುರುತಿಸಿ ಪ್ರೆಸ್ಟಿನ್ ಎಂದು ಹೆಸರಿಟ್ಟಿತು. ಸದ್ದಿನ ಸಂಗತಿಯನ್ನು ಮೆದುಳಿಗೆ ಒಯ್ಯುವುದು ಒಳಸಾಲಿನ ಕೋಶಗಳ ಕೆಲಸ. ಹೊರಸಾಲಿನವು ಒಂದು ಬಗೆಯ ಜೀವಂತ ಆಂಪ್ಲಿಫಯರ್. ಮೆಲ್ಲನೆಯ ಸದ್ದು ಬಂದಾಗ ಅವು ಅದೇ ಲಯದಲ್ಲಿ ಕುಣಿದು ಪೊರೆಯ ಕಂಪನವನ್ನು 40ರಿಂದ 60 ಡೆಸಿಬೆಲ್‌ನಷ್ಟು ಏರಿಸುತ್ತವೆ, ಆ ಕಂಪನವನ್ನು ಒಂದು ಇಕ್ಕಟ್ಟಾದ ಜಾಗಕ್ಕೆ ಸೀಮಿತಗೊಳಿಸಿ ಚೂಪಾಗಿಸುತ್ತವೆ. ಜೋರು ಸದ್ದಿಗೆ ಅವುಗಳ ನೆರವು ಹೆಚ್ಚುಕಡಿಮೆ ಇರುವುದೇ ಇಲ್ಲ.

ನಮ್ಮ ಮನೆಯ ಆರೋಪ ಬಿದ್ದುಹೋಗುವುದು ಇಲ್ಲಿಯೇ. ಗದ್ದಲಕ್ಕೆ, ವಯಸ್ಸಿಗೆ, ಸ್ಟ್ರೆಪ್ಟೊಮೈಸಿನ್ ಮತ್ತು ಅಮಿಕಾಸಿನ್‌ನಂಥ ಔಷಧಿಗಳಿಗೆ ಮೊದಲು ಬಲಿಯಾಗುವುದು ಸಾಮಾನ್ಯವಾಗಿ ಹೊರಸಾಲಿನ ಕೋಶಗಳೇ, ಅದರಲ್ಲೂ ಕೀಚಲು ಸ್ವರಗಳ ಕಡೆಯವು. ಅವು ಸತ್ತಾಗ ಮೆಲುದನಿಗೆ ಸಿಗುತ್ತಿದ್ದ ನೆರವು ನಿಲ್ಲುತ್ತದೆ, ಜೋರುದನಿಯಾದರೋ ಮೊದಲಿನಷ್ಟೇ ಜೋರಾಗಿ ಕೇಳಿಸುತ್ತದೆ. ಕೇಳಿಯೂ ಕೇಳಿಸದಂತಿರುವ ದನಿಗೂ ಸಹಿಸಲಾಗದ ದನಿಗೂ ನಡುವಿನ ವಿಶಾಲವಾದ ಅಂಗಳ ಕಿರಿದಾಗಿ ಓಣಿಯಾಗುತ್ತದೆ. ದನಿ ಸ್ವಲ್ಪ ಏರಿಸಿದರೂ ನಾವು ಆ ಓಣಿಯನ್ನು ದಾಟಿ ಆಚೆ ಬಿದ್ದಿರುತ್ತೇವೆ. ‘ಯಾಕೆ ಅರಚುತ್ತೀಯ’ ಎಂದು ದೊಡ್ಡಪ್ಪ ಕೇಳುವಾಗ ಅವರಿಗೆ ಅದು ನಿಜವಾಗಿಯೂ ಅರಚಿದಂತೆಯೇ ಕೇಳಿಸಿರುತ್ತದೆ.

ಚೂಪು ಹೋಗುವುದು ಇದಕ್ಕಿಂತ ದೊಡ್ಡ ನಷ್ಟ. ಮಗ್ಗದ ಹಣಿಗೆಯ ಹಲ್ಲುಗಳು ಒಂದೊಂದು ಎಳೆಯನ್ನೂ ಅದರದರ ಜಾಗದಲ್ಲಿ ಹಿಡಿದಿಡುವಂತೆ ಹೊರಸಾಲಿನ ಕೋಶಗಳು ಸ್ವರಗಳನ್ನು ಬೇರೆಬೇರೆಯಾಗಿ ಹಿಡಿದಿರುತ್ತವೆ. ಹಲ್ಲು ಮುರಿದಲ್ಲಿ ಎಳೆಗಳು ಒಂದರ ಮೇಲೊಂದು ಬೀಳುತ್ತವೆ. ಫ್ಯಾನಿನ ಸದ್ದು, ಮಿಕ್ಸಿಯ ಸದ್ದು, ಸೊಸೆಯ ಮಾತು, ಎಲ್ಲವೂ ಒಂದೇ ಗಂಟಾಗಿ ಮೆದುಳಿಗೆ ತಲುಪುತ್ತವೆ.

ಅದರಲ್ಲೂ ಮಾತಿನ ಯಾವ ಭಾಗ ಕಳೆದುಹೋಗುತ್ತದೆ ಎಂಬುದನ್ನು ನಾನು ಕಂಡದ್ದು ಶ್ರವಣ ತಪಾಸಣೆಯ ದಿನ. ದಪ್ಪ ಬಾಗಿಲಿನ ಪುಟ್ಟ ಕೋಣೆಯೊಳಗೆ ದೊಡ್ಡಪ್ಪನನ್ನು ಕೂರಿಸಿ ಬಾಗಿಲು ಮುಚ್ಚಿದೊಡನೆ ಹೊರಗಿನ ರಸ್ತೆಯ ಹಾರನ್ನುಗಳೆಲ್ಲ ಅಳಿಸಿಹೋದವು. ಹೆಡ್‌ಫೋನಿನಲ್ಲಿ ಕುಯ್ ಎಂಬ ಸ್ವರ ಕೇಳಿಸಿದಾಗಲೆಲ್ಲ ಅವರು ಕೈಯಲ್ಲಿದ್ದ ಗುಂಡಿಯನ್ನು ಒತ್ತಬೇಕಿತ್ತು. 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳಿಗೆ (ಹರ್ಟ್ಸ್ ಏರಿದಷ್ಟೂ ಸ್ವರ ಕೀಚಲು) ಹಾಳೆಯ ಮೇಲೆ ಬಲಗಿವಿಯದು ಕೆಂಪು ಸೊನ್ನೆ, ಎಡಗಿವಿಯದು ನೀಲಿ ಗುಣಾಕಾರದ ಗುರುತು; ಗುರುತು ಕೆಳಗಿಳಿದಷ್ಟೂ ಕೇಳಿಕೆ ಮಂದ. ಆಡಿಯೋಗ್ರಾಂ ಎಂಬ ಆ ಹಾಳೆಯ ಎಡಭಾಗದಲ್ಲಿ ಗುರುತುಗಳು ಸರಿಸುಮಾರು ಮೇಲೆಯೇ ಇದ್ದು 2000 ಹರ್ಟ್ಸ್ ಕಳೆದೊಡನೆ ಬಾವಿಗೆ ಇಳಿದಂತೆ ಇಳಿದು, 4000ದಲ್ಲಿ ತಳ ಮುಟ್ಟಿ, ಮುಂದೆ ತುಸು ಮೇಲೆದ್ದಿದ್ದವು. ಗದ್ದಲದಲ್ಲಿ ದುಡಿದವರ ಹಾಳೆಯಲ್ಲಿ 4000ದ ಈ ಕುಳಿ ಎದ್ದು ಕಾಣುವ ಗುರುತು.

ಮಾತಿನ ಸ್ವರಾಕ್ಷರಗಳ ಬಲವಿರುವುದು ಬಹುಮಟ್ಟಿಗೆ ತಗ್ಗಿನ ಸ್ವರಗಳಲ್ಲಿ. ಸ, ಶ, ಚ, ತ, ಕ, ಪ ಮೊದಲಾದ ವ್ಯಂಜನಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಸುಳಿವು ಹೆಚ್ಚಾಗಿ 2000 ಹರ್ಟ್ಸ್‌ನಿಂದ ಮೇಲಿರುತ್ತದೆ. ಕನ್ನಡದ ಪದಪಟ್ಟಿಯನ್ನು ಓದಿ ಹೇಳಿಸುವ ಮುಂದಿನ ಪರೀಕ್ಷೆಯಲ್ಲಿ ದೊಡ್ಡಪ್ಪ ‘ಸಾಲು’ ಎಂಬುದಕ್ಕೆ ‘ಹಾಲು’ ಎಂದರು, ‘ಪಾಲು’ ಎಂಬುದಕ್ಕೆ ‘ಕಾಲು’ ಎಂದರು. ‘ಆಲು’ ಎಂಬಷ್ಟು ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಅದರ ಮುಂದಿದ್ದ ವ್ಯಂಜನವನ್ನು ಅವರು ಊಹಿಸುತ್ತಿದ್ದರು. ದಿನವಿಡೀ ಪ್ರತಿ ಪದಕ್ಕೂ ಹೀಗೆ ಊಹಿಸುತ್ತ ಕೂರುವುದು ಎಷ್ಟು ಆಯಾಸದ ಕೆಲಸವೆಂಬುದು ಹೊರಗೆ ಕುಳಿತಿದ್ದ ನನಗೆ ಆಗ ತಿಳಿಯಿತು. ನಮ್ಮ ಭಾಷೆಯಲ್ಲಿ ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಬರುತ್ತಾನೆ, ಬರುತ್ತಾಳೆ, ಬರುವುದಿಲ್ಲ ಎಂಬ ಮುಖ್ಯ ಸಂಗತಿಯೆಲ್ಲ ವಾಕ್ಯದ ಕೊನೆಯಲ್ಲಿರುತ್ತದೆ, ಮಾತಾಡುವವರ ದನಿ ಇಳಿಯುವುದೂ ಅಲ್ಲಿಯೇ. ಹೀಗೆ ಆಡುಮಾತಿನ ಪದಗಳನ್ನೇ ಬಳಸಿ ಪರೀಕ್ಷಿಸುವ ಪಟ್ಟಿಗಳು ಕನ್ನಡಕ್ಕೆ ದೊರೆತಿರುವುದರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಪಾತ್ರ ದೊಡ್ಡದು.

ಆದರೆ ಆಡಿಯೋಗ್ರಾಂ ಎಲ್ಲವನ್ನೂ ಹೇಳುವುದಿಲ್ಲ. ಕೆಲವರ ಹಾಳೆ ಪೂರ್ತಿ ಸರಿಯಿದ್ದೂ ಗದ್ದಲದ ನಡುವೆ ಅವರಿಗೆ ಮಾತು ತಿಳಿಯುವುದಿಲ್ಲ. 2009ರಲ್ಲಿ ಬಾಸ್ಟನ್ನಿನ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳನ್ನು ಎರಡು ಗಂಟೆ ಕಾಲ 100 ಡೆಸಿಬೆಲ್ ಸದ್ದಿನಲ್ಲಿ ಇರಿಸಿ ಪರೀಕ್ಷಿಸಿದರು. ಆಗ ಮಂದವಾದ ಕೇಳಿಕೆ ಕೆಲವು ದಿನಗಳಲ್ಲಿ ಮರಳಿತು, ರೋಮಕೋಶಗಳೂ ಉಳಿದುಕೊಂಡಿದ್ದವು. ಆದರೆ ಕೀಚಲು ಸ್ವರಗಳ ಭಾಗದಲ್ಲಿ ಒಳಸಾಲಿನ ಕೋಶಗಳಿಗೂ ನರದ ಎಳೆಗಳಿಗೂ ನಡುವಿನ ಬೆಸುಗೆಗಳಲ್ಲಿ ಅರ್ಧದಷ್ಟು ಮಾಯವಾಗಿದ್ದವು, ಮತ್ತೆ ಬರಲಿಲ್ಲ. ನಿಶ್ಶಬ್ದ ಕೋಣೆಯಲ್ಲಿ ಒಂದು ಸ್ವರ ಕೇಳಿಸಿತೆಂದು ಗುಂಡಿ ಒತ್ತಲು ಉಳಿದ ಎಳೆಗಳು ಸಾಕು, ಗದ್ದಲದಿಂದ ಮಾತನ್ನು ಹೆಕ್ಕಲು ಸಾಲವು. ಮೃತರ ಕಿವಿಗಳನ್ನು ಪರೀಕ್ಷಿಸಿದಾಗ ಮನುಷ್ಯರಲ್ಲಿಯೂ ವಯಸ್ಸಾದಂತೆ ನರದ ಎಳೆಗಳು ರೋಮಕೋಶಗಳಿಗಿಂತ ವೇಗವಾಗಿ ಕಡಿಮೆಯಾಗಿರುವುದು ಕಂಡುಬಂದಿದೆ. ಬದುಕಿರುವವರಲ್ಲಿ ಈ ನಷ್ಟವನ್ನು ಖಚಿತವಾಗಿ ಅಳೆಯುವ ಪರೀಕ್ಷೆಗಾಗಿ ಹುಡುಕಾಟ ನಡೆಯುತ್ತಲೇ ಇದೆ. ಮದುವೆಮನೆಯ ಡಿಜೆ ಮುಂದೆಯೋ ಗಣೇಶನ ಮೆರವಣಿಗೆಯ ಸ್ಪೀಕರ್ ಪಕ್ಕದಲ್ಲೋ ಒಂದು ರಾತ್ರಿ ನಿಂತು, ಎರಡು ದಿನ ಕಿವಿ ಗುಂಯ್‌ಗುಟ್ಟಿ ಆಮೇಲೆ ಸರಿಹೋಯಿತೆಂದರೆ ಏನೂ ಆಗಿಲ್ಲವೆಂದು ನಂಬಲು ಈಗ ಆಧಾರವಿಲ್ಲ.

ಎಷ್ಟು ಸದ್ದು ಹೆಚ್ಚು ಎಂಬುದಕ್ಕೆ ಡೆಸಿಬೆಲ್‌ನ ಲೆಕ್ಕ ಸ್ವಲ್ಪ ತಿಳಿದಿರಬೇಕು. ಅದು ನಮ್ಮ ಸಾಮಾನ್ಯ ಕೂಡುಲೆಕ್ಕವಲ್ಲ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, ಹತ್ತು ಏರಿದರೆ ಹತ್ತು ಪಟ್ಟಾಗುತ್ತದೆ. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ 85 ಡೆಸಿಬೆಲ್ ಮಿತಿಯೆಂದು ಇಟ್ಟುಕೊಂಡರೆ, 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು ಗಂಟೆ ಎಂದು ಅರ್ಧಕ್ಕೆ ಅರ್ಧ ಇಳಿಯುತ್ತ 100 ಡೆಸಿಬೆಲ್‌ಗೆ ಬರುವಷ್ಟರಲ್ಲಿ ಕೇವಲ ಹದಿನೈದು ನಿಮಿಷ ಉಳಿಯುತ್ತದೆ. ಪವರ್‌ಲೂಮ್ ಶೆಡ್ಡಿನೊಳಗಿನ ಸದ್ದು 95ರಿಂದ 100ರ ಆಸುಪಾಸಿನದು. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬೆಲ್‌ವರೆಗೂ ಬಿಡುತ್ತಿದ್ದವು, ಹತ್ತು ಮಂದಿಯೂ ಇಲ್ಲದ ದೊಡ್ಡಪ್ಪನ ಶೆಡ್ಡಿಗೆ ಆ ನಿಯಮವೂ ತಲುಪುತ್ತಿರಲಿಲ್ಲ. ಅವರು ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಹತ್ತಿ ತಡೆಯುವುದು ಕೆಲವೇ ಡೆಸಿಬೆಲ್. ಸರಿಯಾಗಿ ಕೂರುವ ಇಯರ್‌ಪ್ಲಗ್ ಅದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತದೆ. ಈ ಮಾತನ್ನು ಅವರಿಗೆ ಆಗ ಯಾರಾದರೂ ಹೇಳಬೇಕಿತ್ತು. ಈಗಲೂ ವೆಲ್ಡಿಂಗ್, ಗ್ರೈಂಡಿಂಗ್, ಪ್ರೆಸ್ ಕೆಲಸಗಳಲ್ಲಿ ಇರುವ ಹುಡುಗರಿಗೆ ಯಾರಾದರೂ ಹೇಳಬೇಕು.

ಕೆಂಪ್ ದಾಖಲಿಸಿದ ಆ ಪ್ರತಿಸದ್ದು ಇಂದು ಹಸುಗೂಸುಗಳ ತಪಾಸಣೆಯ ಆಧಾರವಾಗಿದೆ. ಮಲಗಿರುವ ಮಗುವಿನ ಕಿವಿಗೆ ಮೃದುವಾದ ತುದಿಯನ್ನಿಟ್ಟು ಪ್ರತಿಸದ್ದು ಬರುತ್ತದೆಯೇ ಎಂದು ನೋಡುವ ಒಎಇ ಪರೀಕ್ಷೆಗೆ ಕೆಲವು ನಿಮಿಷ ಸಾಕು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಎಲ್ಲೆಡೆ ಒಪ್ಪಿರುವ ಕ್ರಮ, ಏಕೆಂದರೆ ಮಾತು ಕಲಿಯುವ ಮೆದುಳು ಆ ವಯಸ್ಸಿನಲ್ಲಿ ಕೇಳಿಸಿಕೊಳ್ಳುವುದಕ್ಕಾಗಿ ಕಾದಿರುತ್ತದೆ. ಹುಟ್ಟುಕಿವುಡಿನಲ್ಲಿ ದೊಡ್ಡ ಪಾಲು ವಂಶವಾಹಿಗಳಿಂದ ಬರುತ್ತದೆ, ಅದರಲ್ಲಿ ಬಹಳಷ್ಟು ತಾಯಿ ತಂದೆ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗಲೇ ಪ್ರಕಟವಾಗುವಂಥದ್ದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯಿರುವ ನಮ್ಮ ಸೀಮೆಯಲ್ಲಿ ಆ ಸಂಭವ ಹೆಚ್ಚು. ಮನೆತನದಲ್ಲಿ ಒಬ್ಬರಿಗಾದರೂ ಹುಟ್ಟುಕಿವುಡು ಇದ್ದಲ್ಲಿ ಮಗುವಿನ ತಪಾಸಣೆಯನ್ನು ಮುಂದೂಡಲೇಬಾರದು.

ಕೆಲವು ಮಕ್ಕಳು ಒಎಇ ಪರೀಕ್ಷೆಯಲ್ಲಿ ಪಾಸಾಗಿಯೂ ಕೇಳಿಸಿಕೊಳ್ಳಲಾರರು. ಅವರಲ್ಲಿ ಹೊರಸಾಲಿನ ಕೋಶಗಳು ಕುಣಿಯುತ್ತಿರುತ್ತವೆ, ಒಳಸಾಲಿನಿಂದ ನರಕ್ಕೆ ಸಂಕೇತ ದಾಟುವುದಿಲ್ಲ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನರದ ಸಂಕೇತವನ್ನೇ ಅಳೆಯುವ ಬೆರಾ ಪರೀಕ್ಷೆಯಲ್ಲಿ ಮಾತ್ರ ಇದು ಸಿಕ್ಕಿಬೀಳುತ್ತದೆ. ಇದರ ಒಂದು ಕಾರಣ ಒಟೊಫರ್ಲಿನ್ ಎಂಬ ಪ್ರೋಟೀನಿನ ಕೊರತೆ. ಕೋಶಗಳೆಲ್ಲ ಜೀವಂತವಾಗಿದ್ದು ಒಂದೇ ಒಂದು ಪ್ರೋಟೀನು ಇಲ್ಲದಿರುವುದರಿಂದ ವಂಶವಾಹಿ ಚಿಕಿತ್ಸೆಗೆ ಇದು ಹೇಳಿ ಮಾಡಿಸಿದ ಕಾಯಿಲೆ. 2024ರ ಜನವರಿಯಲ್ಲಿ ಶಾಂಘೈನ ವೈದ್ಯರು ಒಟೊಫರ್ಲಿನ್‌ನ ವಂಶವಾಹಿಯನ್ನು ನಿರುಪದ್ರವಿ ವೈರಸ್ಸಿನ ಮೂಲಕ ಆರು ಮಕ್ಕಳ ಒಳಗಿವಿಗೆ ಸೇರಿಸಿದ್ದನ್ನೂ, ಐವರಲ್ಲಿ ಕೇಳಿಕೆ ಮೂಡಿದ್ದನ್ನೂ ವರದಿ ಮಾಡಿದರು. ರೋಮಕೋಶಗಳೇ ಸತ್ತಿರುವ ದೊಡ್ಡಪ್ಪನಂಥವರಿಗೆ ಈ ದಾರಿ ಒದಗುವುದಿಲ್ಲ. ಅವರಿಗೆ ಬೇಕಿರುವುದು ಹೊಸ ಕೋಶಗಳು. ಕೋಳಿ ಮತ್ತು ಲಾವಕ್ಕಿಗಳಲ್ಲಿ ಸತ್ತ ರೋಮಕೋಶಗಳು ಮತ್ತೆ ಹುಟ್ಟುವುದು 1980ರ ದಶಕದ ಕೊನೆಯಲ್ಲಿ ತಿಳಿದುಬಂದಿತು, ಸಸ್ತನಿಗಳಲ್ಲಿ ಆ ಶಕ್ತಿ ಏಕೆ ಮುಚ್ಚಿಹೋಗಿದೆ ಎಂಬುದು ಈ ಕ್ಷೇತ್ರದ ದೊಡ್ಡ ಪ್ರಶ್ನೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ರಾಜ್ ಲಾಧರ್ ಅವರ ಪ್ರಯೋಗಾಲಯ ಭ್ರೂಣದಲ್ಲಿ ಒಳಗಿವಿ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಅಧ್ಯಯನ ಮಾಡುತ್ತಿದೆ. ಒಮ್ಮೆ ಕಟ್ಟಿದ ಬಗೆ ತಿಳಿಯದೆ ಮತ್ತೊಮ್ಮೆ ಕಟ್ಟುವುದು ಸಾಧ್ಯವಿಲ್ಲ.

ಸದ್ಯಕ್ಕೆ ಕೈಗೆಟಕುವುದು ಜನ ಕಿವಿ ಮಿಷನ್ ಎನ್ನುವ ಶ್ರವಣ ಸಾಧನ, ಅದೂ ಸಾಲದಷ್ಟು ಕೇಳಿಕೆ ಹೋಗಿದ್ದರೆ ರೋಮಕೋಶಗಳನ್ನು ಬಿಟ್ಟು ನೇರವಾಗಿ ನರಕ್ಕೆ ವಿದ್ಯುತ್ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್. ಇಂದಿನ ಸಾಧನಗಳು ಎಲ್ಲ ಸದ್ದನ್ನೂ ಒಂದೇ ಸಮನೆ ಏರಿಸುವುದಿಲ್ಲ. ಮೆಲುದನಿಯನ್ನು ಹೆಚ್ಚು, ಜೋರುದನಿಯನ್ನು ಕಡಿಮೆ ಏರಿಸಿ ಇಡೀ ಅಂಗಳವನ್ನು ಆ ಓಣಿಯೊಳಗೆ ಹಿಡಿಸಲು ಯತ್ನಿಸುತ್ತವೆ. ಕಳೆದುಹೋದ ಚೂಪನ್ನು ಅವು ಮರಳಿಸಲಾರವು. ಒಂದು ಕಿವಿ ದಿಢೀರನೆ, ಒಂದೆರಡು ದಿನಗಳಲ್ಲಿ ಮಂದವಾದರೆ ಅದು ಬೇರೆಯೇ ಕಥೆ. ಅಲ್ಲಿ ಸ್ಟಿರಾಯ್ಡ್ ಚಿಕಿತ್ಸೆ ಬೇಗ ಆರಂಭವಾದಷ್ಟೂ ಒಳ್ಳೆಯದು, ಆದ್ದರಿಂದ ಶೀತವಿರಬಹುದೆಂದು ವಾರಗಟ್ಟಲೆ ಕಾಯದೆ ತಕ್ಷಣ ವೈದ್ಯರನ್ನು ಕಾಣಬೇಕು.

ಮಿಷನ್ ಹಾಕಿಸಿದ ಮೊದಲ ದಿನ ದೊಡ್ಡಪ್ಪ ಅದನ್ನು ಕಿತ್ತು ಮೇಜಿನ ಮೇಲಿಟ್ಟರು. ಫ್ಯಾನಿನ ಸದ್ದು, ಪ್ಲಾಸ್ಟಿಕ್ ಕವರಿನ ಸದ್ದು, ತಮ್ಮದೇ ಚಪ್ಪಲಿಯ ಸದ್ದು, ಮೂವತ್ತು ವರ್ಷ ಕೇಳಿಸದಿದ್ದವೆಲ್ಲ ಒಟ್ಟಿಗೆ ಬಂದು ಮುತ್ತಿದ್ದವು. ಯಾವುದನ್ನು ಗಮನಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮೆದುಳು ಮರುಕಲಿಯಲು ವಾರಗಳು ಬೇಕೆಂದು ಆಡಿಯಾಲಜಿಸ್ಟ್ ಮೊದಲೇ ಹೇಳಿದ್ದರಿಂದ ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿದೆವು. ಮನೆಯವರೂ ಕೆಲವನ್ನು ರೂಢಿಸಿಕೊಂಡಿದ್ದೇವೆ. ಇನ್ನೊಂದು ಕೋಣೆಯಿಂದ ಕೂಗುವುದಿಲ್ಲ, ಟಿವಿ ತಗ್ಗಿಸಿ, ಎದುರಿಗೆ ಬಂದು, ಮುಖದ ಮೇಲೆ ಬೆಳಕಿರುವಂತೆ ನಿಂತು, ದನಿ ಏರಿಸದೆ ಪದಗಳನ್ನು ಬಿಡಿಸಿ ಹೇಳುತ್ತೇವೆ. ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಹೇಳುವ ಬದಲು ಬೇರೆ ಪದದಲ್ಲಿ ಹೇಳುತ್ತೇವೆ. ಮದುವೆಮನೆಗೆ ಹೋದರೆ ದೊಡ್ಡಪ್ಪ ವಾಲಗದವರಿಂದ ದೂರದ ಮೂಲೆಯನ್ನು ತಾವೇ ಹುಡುಕಿ, ಹಿಂದಿನಿಂದ ಸದ್ದು ಬರದಂತೆ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಎದುರಿನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನನ್ನು ಅಲ್ಲಿ ಕೂರಿಸುತ್ತಾರೆ.